ಹಳದಿ ನಂಬರ್ ಪ್ಲೇಟ್ ಕಂಡು ಟ್ಯಾಕ್ಸಿ ಅಂದುಕೊಳ್ಳಬೇಡಿ: ದಾರ್ ಎಸ್ ಸಲಾಮ್‌ಗೆ ಬರುವ ಹೆಣ್ಣುಮಕ್ಕಳಿಗೆ

ನಮ್ಮೂರಲ್ಲಿ ಬಾಡಿಗೆ ಗಾಡಿಗೆ ಹಳದಿ ಪ್ಲೇಟು, ಸ್ವಂತ ಗಾಡಿಗೆ ಬಿಳಿ ಪ್ಲೇಟು. ತಾಂಜಾನಿಯಾದಲ್ಲಿ ಇದು ಪೂರ್ತಿ ತಿರುಗಾಮುರುಗಾ. ಇಲ್ಲಿ ಬಿಳಿ ಪ್ಲೇಟು ಇದ್ದರೆ ಬಾಡಿಗೆ ಗಾಡಿ, ಹಳದಿ ಇದ್ದರೆ ಯಾರದೋ ಖಾಸಗಿ ಕಾರು. ಹಳದಿ ಕಂಡ ಕೂಡಲೇ ‘ಟ್ಯಾಕ್ಸಿ’ ಅಂತ ಒಪ್ಪಿಕೊಂಡುಬಿಡುವುದು ನಮ್ಮ ಕಣ್ಣಿಗೆ ಎಷ್ಟೋ ವರ್ಷಗಳ ರೂಢಿ. ಹೊರಡುವಾಗ ಯಲ್ಲೋ ಫೀವರ್ ಚುಚ್ಚುಮದ್ದು ಹಾಕಿಸಿಕೋ, ಸೊಳ್ಳೆಪರದೆ ಕಟ್ಟಿಕೋ, ಒಂದು ವರ್ಷಕ್ಕಾಗುವಷ್ಟು ಸಾರಿನಪುಡಿ ಒಯ್ಯಿ ಅಂತ ಹೇಳಿದವರು ಬೇಕಾದಷ್ಟು ಜನ. ಈ ಪ್ಲೇಟಿನ ಬಣ್ಣದ ವಿಷಯ ಮಾತ್ರ ಒಬ್ಬರೂ ಹೇಳಲಿಲ್ಲ. ಅದಕ್ಕೇ ಮೊದಲು ಇದನ್ನೇ ಬರೆದೆ. ನೀವು ಮುಂದೆ ಓದದೆ ಹೋದರೂ ಇಷ್ಟು ನೆನಪಿಟ್ಟುಕೊಳ್ಳಿ.

ನಮ್ಮವರಿಗೆ ಇಲ್ಲೊಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮನೆ ಮಿಕೊಚೇನಿಯಲ್ಲಿ. ಕರಿಬೇವು, ನುಗ್ಗೆಕಾಯಿ ಬೇಕಾದರೆ ಕಿಸುಟು ಕಡೆಗೆ ಹೋಗಬೇಕು. ಗುಜರಾತಿಗಳು ತಲೆಮಾರುಗಳಿಂದ ನೆಲೆಸಿರುವ ಪ್ರದೇಶ ಅದು. ದೇವಸ್ಥಾನ, ಫರ್ಸಾಣ್ ಅಂಗಡಿ, ಸೀರೆ ಅಂಗಡಿ ಎಲ್ಲ ಅಲ್ಲಿವೆ. ಅಲ್ಲಿ ಕಾಲಿಟ್ಟರೆ ಪರದೇಶ ಅನ್ನಿಸುವುದೇ ಇಲ್ಲ. ಅವತ್ತು ಸಂಜೆ ಐದೂವರೆ ದಾಟಿತ್ತು. ತರಕಾರಿ ಚೀಲ ಹಿಡಿದು ಬಜಾಜಿಗೆ ಕಾಯುತ್ತಿದ್ದೆ. (ಆಟೋರಿಕ್ಷಾಕ್ಕೆ ಇಲ್ಲಿ ಬಜಾಜಿ ಅಂತಲೇ ಹೆಸರು, ನಮ್ಮ ಪುಣೆಯ ಬಜಾಜ್‌ನಿಂದ ಬಂದದ್ದು.)

ಪಕ್ಕದಲ್ಲೇ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಆಫೀಸಿಗೆ ಹೋಗುವವರ ಹಾಗೆ ಇಸ್ತ್ರಿ ಮಾಡಿದ ಉಡುಪು, ಕೈಯಲ್ಲಿ ಫೈಲು, ಒಳ್ಳೆಯ ಇಂಗ್ಲಿಷ್. ನಾನು ಬೆಂಗಳೂರಿನವಳು ಅಂದದ್ದೇ ತಡ, “ಅಯ್ಯೋ, ನನ್ನ ತಮ್ಮ ಅಲ್ಲೇ ಓದಿದ್ದು, ಕಮ್ಮನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ” ಅಂದಳು. ಕಮ್ಮನಹಳ್ಳಿ ಅಂತ ಸ್ಪಷ್ಟವಾಗಿ ಉಚ್ಚರಿಸಿದಳು. ಅದು ನಂಬಲಾಗದ ಮಾತೂ ಅಲ್ಲ, ಇಲ್ಲಿಂದ ಬೆಂಗಳೂರಿಗೆ, ಮೈಸೂರಿಗೆ ಓದಲು ಹೋಗುವವರು ಸಾಕಷ್ಟು ಜನ ಇದ್ದಾರೆ. ಹತ್ತು ನಿಮಿಷ ಮಾತಾಡಿದೆವು. ಮಳೆಗಾಲದಲ್ಲಿ ಮುಳುಗುವ ರಸ್ತೆಗಳು, ಮಕ್ಕಳ ಶಾಲೆಯ ಫೀಸು, ಗ್ಯಾಸ್ ಸಿಲಿಂಡರಿನ ರೇಟು. ಕೊನೆಗೆ, “ನಾನೂ ಮಿಕೊಚೇನಿ ಕಡೆಗೇ ಹೊರಟಿದ್ದೇನೆ, ನನಗೆ ಪರಿಚಯದ ಟ್ಯಾಕ್ಸಿಯವನಿದ್ದಾನೆ, ಅರ್ಧರ್ಧ ಕೊಡೋಣ” ಅಂದಳು. ಬಂದು ನಿಂತ ಕಾರಿಗೆ ಹಳದಿ ಪ್ಲೇಟು.

ಅವಳು ಮುಂದೆ ಕೂತಳು, ನಾನು ಹಿಂದೆ. ಕಾರು ಅಲಿ ಹಸನ್ ಮ್ವಿನ್ಯಿ ರಸ್ತೆ ಹಿಡಿಯಿತು. ಅದು ಸರಿಯಾದ ದಾರಿಯೇ. ಸೆಲ್ಯಾಂಡರ್ ಸೇತುವೆ ಇನ್ನೂ ದೂರ ಇರುವಾಗಲೇ ಡ್ರೈವರ್ ಪಕ್ಕಕ್ಕೆ ನಿಲ್ಲಿಸಿದ. ಎಡಕ್ಕೊಬ್ಬ ಬಲಕ್ಕೊಬ್ಬ ಗಂಡಸರು ಬಾಗಿಲು ತೆಗೆದು ನನ್ನನ್ನು ಮಧ್ಯಕ್ಕೆ ಒತ್ತಿ ಕೂತರು. ಕಾರು ಹೊರಟೇಬಿಟ್ಟಿತು. ಆ ಹೆಂಗಸು ಹಿಂದೆ ತಿರುಗಿ, ಅದೇ ಸಮಾಧಾನದ ಧ್ವನಿಯಲ್ಲಿ, “ಕಿರುಚಿದರೆ ಇವರು ಹೊಡೆಯುತ್ತಾರೆ. ಕಾರ್ಡು, ಪಿನ್, ಫೋನಿನ ಲಾಕು. ಅಷ್ಟೇ ಬೇಕು” ಅಂದಳು. ಆಮೇಲೆ ಇಡೀ ರಾತ್ರಿ ನೋಟು ಎಣಿಸಿದವಳೂ ಅವಳೇ.

ಮುಂದಿನದ್ದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಒಂದೇ ಸಲ ನಡೆದದ್ದಲ್ಲ. ಈ ಊರಿನಲ್ಲಿ ಹೀಗೆ ಸಿಕ್ಕಿಹಾಕಿಕೊಂಡ ವಿದೇಶಿಯರ ಕಥೆಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಬ್ರಿಟನ್, ಅಮೆರಿಕ ಸರ್ಕಾರಗಳು ತಮ್ಮ ಪ್ರಯಾಣಿಕರಿಗೆ ಕೊಡುವ ಸೂಚನೆಯಲ್ಲೂ ಇದರ ಮಾತಿದೆ. ಎಟಿಎಂ ಮುಂದೆ ನಿಲ್ಲಿಸಿದಾಗ ಒಬ್ಬ ಮಾತ್ರ ಕಾರ್ಡು ಹಿಡಿದು ಇಳಿಯುತ್ತಾನೆ. ಅವರು ಹೋದ ಯಂತ್ರ ಒಂದು ಸಲಕ್ಕೆ 4 ಲಕ್ಷ ಶಿಲಿಂಗ್ ಕೊಡುತ್ತಿತ್ತು, ನಮ್ಮ ಲೆಕ್ಕದಲ್ಲಿ ಸುಮಾರು 13,000 ರೂಪಾಯಿ. ತೆಗೆದ, ಮತ್ತೆ ತೆಗೆದ, ಇನ್ನೊಂದು ಬ್ಯಾಂಕಿನ ಯಂತ್ರಕ್ಕೆ ಹೋದ. ಫೋನಿನಲ್ಲಿದ್ದ ಮೊಬೈಲ್ ಹಣ ಖಾಲಿ ಮಾಡಿದರು. ನಮ್ಮವರಿಗೆ ನನ್ನಿಂದಲೇ ಫೋನು ಮಾಡಿಸಿ, ಒಂದು ನಂಬರಿಗೆ ದುಡ್ಡು ಹಾಕಿಸಿಕೊಂಡರು. ಅಷ್ಟಕ್ಕೂ ಬಿಡಲಿಲ್ಲ. ಕಾರ್ಡಿನ ದಿನದ ಮಿತಿ ಮುಗಿದಿತ್ತಲ್ಲ, ಮಧ್ಯರಾತ್ರಿ ಹನ್ನೆರಡು ದಾಟುವ ತನಕ ಊರು ಸುತ್ತಿಸಿ, ತಾರೀಕು ಬದಲಾದ ಮೇಲೆ ಇನ್ನೊಂದು ಸುತ್ತು ತೆಗೆದರು. ಮಂಗಳಸೂತ್ರವನ್ನು ಕಿತ್ತುಕೊಳ್ಳಲಿಲ್ಲ, ಕೊಂಡಿ ಬಿಚ್ಚಿ ಕೊಡು ಅಂದರು. ಬಿಚ್ಚಿ ಕೊಟ್ಟೆ. ಬಗಾಮೊಯೊ ರಸ್ತೆಯಲ್ಲಿ ತೆಗೆಟಾ ದಾಟಿ, ದೀಪವಿಲ್ಲದ ಕಡೆ ಇಳಿಸಿ, ಬಸ್ ಚಾರ್ಜಿಗೆ ಅಂತ ಐದು ಸಾವಿರ ಶಿಲಿಂಗ್ ಕೈಗಿಟ್ಟರು. ಆ ಹೊತ್ತಿನಲ್ಲಿ ಯಾವ ಬಸ್ಸೋ!

ಸಿಮೆಂಟ್ ಅಂಗಡಿಯೊಂದರ ಕಾವಲುಗಾರ ಮುದುಕ ನನ್ನನ್ನು ನೋಡಿದ. ಏನೂ ಕೇಳದೆ ತನ್ನ ಕುರ್ಚಿ ಬಿಟ್ಟುಕೊಟ್ಟ, ಫೋನು ಕೊಟ್ಟ, ಹಿಂದಿನ ಮನೆಯಿಂದ ಹೆಂಡತಿಯನ್ನು ಎಬ್ಬಿಸಿ ಕರೆತಂದ. ಆಕೆ ತನ್ನ ಕಾಂಗಾ ಬಟ್ಟೆಯನ್ನು ನನಗೆ ಹೊದಿಸಿ, ನಮ್ಮವರು ಬರುವ ತನಕ ಪಕ್ಕದಲ್ಲೇ ಕೂತಿದ್ದಳು.

ಊರಿಗೆ ಸುದ್ದಿ ಮುಟ್ಟಿದ ಮೇಲೆ ಬಂದ ಮಾತುಗಳೋ, ಕೇಳಬೇಡಿ. “ಒಬ್ಬಳೇ ಯಾಕೆ ಹೋದೆ?” ಅನ್ನುವುದು ಮೊದಲನೆಯದು. ತರಕಾರಿ ತರೋಕೆ ಮೆರವಣಿಗೆ ಕಟ್ಟಿಕೊಂಡು ಹೋಗಬೇಕಿತ್ತೇ? ಎರಡನೆಯದು, “ಆ ದೇಶದವರೇ ಅಷ್ಟು ಬಿಡು.” ಹಾಗೆಂದ ಚಿಕ್ಕಪ್ಪನಿಗೆ ನಾನು 2016ರ ಜನವರಿಯನ್ನು ನೆನಪಿಸಿದೆ. ನಮ್ಮದೇ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಅದಕ್ಕೂ ತನಗೂ ಸಂಬಂಧವೇ ಇಲ್ಲದೆ ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಯನ್ನು ಗುಂಪೊಂದು ಹಿಡಿದು ಹೊಡೆದು, ಅವಳಿದ್ದ ಕಾರಿಗೆ ಬೆಂಕಿ ಹಚ್ಚಿತು. ಅವಳ ಊರಿನವರು ನಮ್ಮನ್ನೆಲ್ಲ ಅದೇ ತಕ್ಕಡಿಯಲ್ಲಿ ತೂಗಿದ್ದರೆ, ಆ ರಾತ್ರಿ ನನಗೆ ಕುರ್ಚಿ ಸಿಗುತ್ತಿರಲಿಲ್ಲ. ಚಿಕ್ಕಪ್ಪ ಮಾತು ಬದಲಿಸಿದರು.

ಈಗ ಪೊಲೀಸ್ ಠಾಣೆಯ ವಿಷಯ. ಮುಂದಿನ ಮೇಜಿನಲ್ಲಿದ್ದವನು ಕುಡಿದಿದ್ದೆಯಾ ಅಂತ ಕೇಳಿದ, ನಾಳೆ ಬಾ ಅಂದ. ಹೋಗಬೇಡಿ, ಅಲ್ಲೇ ನಿಂತು ‘ದವಾತಿ ಲಾ ಜಿನ್ಸಿಯಾ’ ಎಲ್ಲಿದೆ ಅಂತ ಕೇಳಿ. ಮಹಿಳೆಯರು, ಮಕ್ಕಳ ದೂರುಗಳಿಗಾಗಿ ಇರುವ ಪ್ರತ್ಯೇಕ ವಿಭಾಗ ಅದು. ನನಗೆ ಅಲ್ಲಿ ಸಿಕ್ಕಿದ ಮಹಿಳಾ ಅಧಿಕಾರಿ ಎಲ್ಲವನ್ನೂ ಸಮಾಧಾನದಿಂದ ಬರೆದುಕೊಂಡರು. ಆರ್‌ಬಿ ನಂಬರು ಕೇಳಿ ಪಡೆಯಿರಿ, ಅದು ದೂರು ದಾಖಲಾದ ಗುರುತು. ಅದಿಲ್ಲದಿದ್ದರೆ ಬ್ಯಾಂಕಿಗೆ, ವಿಮೆಗೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮೈಮೇಲೆ ಗಾಯವಾಗಿದ್ದರೆ ಅಥವಾ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪಿಎಫ್3 ಅನ್ನುವ ಪೊಲೀಸ್ ಫಾರಂ ಬೇಕು, ಆಸ್ಪತ್ರೆಯಲ್ಲಿ ಅದನ್ನೇ ಮೊದಲು ಕೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ, ಆದರೂ ಇದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಅಂಥದ್ದು ನಡೆದರೆ ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನಾಚಿಕೆಗೆ ಅಂಜಿ ಎರಡು ದಿನ ಮನೆಯಲ್ಲಿ ಕೂತರೆ ಆ ಅವಧಿ ಕೈಜಾರುತ್ತದೆ. ತುರ್ತು ಕರೆಗೆ ಇಲ್ಲಿಯೂ 112. ಭಾರತದ ಹೈಕಮಿಷನ್ ಇರುವುದು ಇದೇ ಊರಿನಲ್ಲಿ, ರಾಜಧಾನಿ ದೊದೊಮಾದಲ್ಲಲ್ಲ. ಅದರ ತುರ್ತು ನಂಬರನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಸಾಲದು, ಫೋನು ಹೋದ ಮೇಲೆ ಅದೂ ಹೋದ ಹಾಗೆ. ಚೀಟಿಯಲ್ಲಿ ಬರೆದು ಬಟ್ಟೆಯೊಳಗೆ ಇಟ್ಟುಕೊಳ್ಳಿ, ಗಂಡನ ನಂಬರನ್ನು ಬಾಯಿಪಾಠ ಮಾಡಿ.

ದುಡ್ಡು ಮರಳಿ ಬಂತೇ? ಇಲ್ಲ. ಸಿಮ್ ಕೊಳ್ಳಲು ಇಲ್ಲಿ ಬೆರಳಚ್ಚು ಕಡ್ಡಾಯ, ಆದರೆ ನಮ್ಮವರು ದುಡ್ಡು ಹಾಕಿದ ನಂಬರು ಯಾವುದೋ ಹಳ್ಳಿಯ ಅಜ್ಜಿಯ ಹೆಸರಿನಲ್ಲಿತ್ತು. ಊರಿನ ಬ್ಯಾಂಕಿನವರು ಸರಿಯಾದ ಪಿನ್ ಒತ್ತಲಾಗಿದೆ ಅಂತ ಒಂದೇ ಸಾಲಿನ ಉತ್ತರ ಕೊಟ್ಟರು.

ನಾನು ಈಗಲೂ ಒಬ್ಬಳೇ ಓಡಾಡುತ್ತೇನೆ, ಓಡಾಡಲೇಬೇಕು. ಆದರೆ ಬೇರೆಯವರು ಕರೆಸಿದ ಗಾಡಿ ಹತ್ತುವುದಿಲ್ಲ, ಅವರು ಎಷ್ಟೇ ಪರಿಚಯದವರ ಹಾಗೆ ಮಾತಾಡಲಿ. ಅಂಗಡಿಯ ಒಳಗೆ ನಿಂತೇ ಆ್ಯಪ್‌ನಲ್ಲಿ ಕರೆಸುತ್ತೇನೆ, ಫೋನಿನಲ್ಲಿ ತೋರಿಸಿದ ನಂಬರೂ ಡ್ರೈವರನ ಮುಖವೂ ತಾಳೆಯಾದರೆ ಮಾತ್ರ ಹೊರಗೆ ಕಾಲಿಡುತ್ತೇನೆ. ದಾರಿಯಲ್ಲಿ ಯಾರನ್ನಾದರೂ ಹತ್ತಿಸಿಕೊಳ್ಳಲು ನಿಧಾನ ಮಾಡಿದರೆ ಜನರಿರುವ ಕಡೆಯಲ್ಲೇ ಇಳಿದುಬಿಡುತ್ತೇನೆ, ದುಡ್ಡು ಹೋದರೆ ಹೋಗಲಿ. ಸಮಭಾಜಕ ವೃತ್ತಕ್ಕೆ ಹತ್ತಿರದ ಊರಾದ್ದರಿಂದ ವರ್ಷವಿಡೀ ಆರೂವರೆ ಸುಮಾರಿಗೆ ಹೊತ್ತು ಮುಳುಗುತ್ತದೆ. ನಮ್ಮ ಬೇಸಿಗೆಯ ಹಾಗೆ ಏಳರವರೆಗೂ ಎಳೆಯುವ ಬೆಳಕು ಇಲ್ಲಿಲ್ಲ, ಐದರೊಳಗೆ ಮಾರುಕಟ್ಟೆ ಮುಗಿಸಿ.

ಮಸಾಕಿ, ಕೊಕೊ ಬೀಚ್ ಕಡೆ ವಾಕಿಂಗ್ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ಚಲಿಸುವ ಬೈಕು, ಕಾರಿನಿಂದಲೇ ಕೈಚಾಚಿ ಬ್ಯಾಗು ಎಳೆಯುತ್ತಾರೆ. ಬ್ಯಾಗನ್ನು ಎದೆಗೆ ಅಡ್ಡ ಹಾಕಿಕೊಳ್ಳಿ ಅಂತ ಊರಲ್ಲಿ ಹೇಳುತ್ತಾರಲ್ಲ, ಇಲ್ಲಿ ಅದೇ ಅಪಾಯ. ಪಟ್ಟಿ ಕಳಚದೆ ಗಾಡಿಯ ಹಿಂದೆ ಎಳೆದುಕೊಂಡು ಹೋಗಿ ಗಾಯಗೊಂಡವರಿದ್ದಾರೆ. ಬ್ಯಾಗೇ ಬೇಡ. ಕಳ್ಳ ಅನ್ನಲು ‘ಮ್ವಿಝಿ’ ಅಂತ ಕೂಗಿದರೆ ಜನ ಓಡಿ ಬರುತ್ತಾರೆ ನಿಜ, ಆದರೆ ಸಿಕ್ಕವನನ್ನು ಸಾಯುವ ಹಾಗೆ ಬಡಿಯುವುದೂ ಇದೆ. ಒಂದು ಫೋನಿಗಾಗಿ ನಾನಂತೂ ಹಾಗೆ ಕೂಗುವುದಿಲ್ಲ. ನಿಮ್ಮ ಜೀವಕ್ಕೆ ಅಪಾಯವಾದರೆ ‘ನಿಸೈದಿಯೆ’ ಅನ್ನಿ, ಸಹಾಯ ಮಾಡಿ ಅಂತ ಅರ್ಥ.

ಕೊನೆಯದಾಗಿ ಕಾರ್ಡು. ಉಳಿತಾಯವೆಲ್ಲ ಇರುವ ಖಾತೆಯ ಕಾರ್ಡನ್ನು ಮನೆಯಿಂದ ಹೊರಗೆ ತರಲೇಬೇಡಿ. ಸ್ವಲ್ಪವೇ ದುಡ್ಡಿರುವ ಬೇರೆ ಖಾತೆಯ ಕಾರ್ಡು ಸಾಕು. ಅದನ್ನು ಕೇಳಿದ ತಕ್ಷಣ ಕೊಟ್ಟುಬಿಡಿ, ವಾದ ಬೇಡ. ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ 2020ರಿಂದ ನಮ್ಮ ಕಾರ್ಡುಗಳ ವಿದೇಶಿ ಬಳಕೆಯನ್ನು ನಾವೇ ಆನ್ ಆಫ್ ಮಾಡಬಹುದು, ದಿನದ ಮಿತಿಯನ್ನೂ ಇಳಿಸಬಹುದು. ಆದರೆ ಅದಕ್ಕೆ ಓಟಿಪಿ ಊರಿನ ನಂಬರಿಗೇ ಬರಬಹುದು, ಇಲ್ಲಿಗೆ ಬಂದ ಮೇಲೆ ಆ ಸಿಮ್ ಎಷ್ಟೋ ಸಲ ಸತ್ತಿರುತ್ತದೆ. ವಿಮಾನ ಹತ್ತುವ ಮೊದಲೇ ಮಾಡಿ ಮುಗಿಸಿ.