ಲಾಕ್‌ನ ಪ್ರಬಂಧ ಓದಲು ಯಾವ ಪ್ರತಿ? ನನ್ನ ಓಟು ಸ್ಪೈರಲ್ ಬೈಂಡಿಂಗ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಮನುಷ್ಯನ ಅರಿವಿನ ಬಗ್ಗೆ 17ನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಬರೆದ ಪ್ರಬಂಧವನ್ನು ಜೊನಾಥನ್ ಬೆನೆಟ್ ಇಂದಿನ ಇಂಗ್ಲಿಷಿಗೆ ತಂದಿದ್ದಾರೆ. ಪಿಡಿಎಫ್ ಉಚಿತ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿಕೊಳ್ಳಿ. ನನಗೆ ಈ ಬುದ್ಧಿ ಬಂದದ್ದು ದುಡ್ಡು ಕಳೆದುಕೊಂಡ ಮೇಲೆ.

ಮೊದಲು ಆನ್‌ಲೈನ್‌ನಲ್ಲಿ 350 ರೂಪಾಯಿಗೆ ಒಂದು ಮರುಮುದ್ರಣ ತರಿಸಿದ್ದೆ. ಒಂದೂವರೆ ತಿಂಗಳು, ದಿನಾ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ, ಪೆನ್ಸಿಲ್ ಹಿಡಿದು ಓದಿದೆ. ಹುಟ್ಟುವಾಗ ಮನಸ್ಸು ಬಿಳಿ ಹಾಳೆ, ಅದರ ಮೇಲೆ ಬರೆಯುವುದು ಅನುಭವ ಎಂಬ ಪ್ರಸಿದ್ಧ ಮಾತು ಬಂತು. ಎರಡನೇ ಭಾಗ ಮುಗಿಯಿತು. ಪುಟ ತಿರುಗಿಸಿದರೆ ಹಿಂಬದಿಯ ರಟ್ಟು! ಪ್ರಬಂಧದಲ್ಲಿರುವುದು ನಾಲ್ಕು ಭಾಗ. ನೆಟ್‌ನಲ್ಲಿ ಸಿಗುವ ಹಳೆಯ ಪಠ್ಯ ಎರಡು ಸಂಪುಟಗಳಲ್ಲಿದೆ. ನನ್ನ ಕೈಗೆ ಬಂದ ಪುಸ್ತಕದಲ್ಲಿ ಮೊದಲನೆಯದಷ್ಟೇ ಇತ್ತು. ಸಂಪುಟ 1 ಅಂತ ಎಲ್ಲೂ ಹಾಕಿಲ್ಲ. ವಾಪಸ್ ಕೊಡುವ ಗಡುವು ಯಾವತ್ತೋ ಮುಗಿದಿತ್ತು.

ಹೊಟ್ಟೆ ಉರಿದದ್ದು ದುಡ್ಡಿಗಿಂತ ಜಾಸ್ತಿ ಬಿಟ್ಟುಹೋದ ವಿಷಯಕ್ಕೆ. ಮೂರನೇ ಭಾಗ ಮಾತಿನ ಬಗ್ಗೆ, ನಾಲ್ಕನೆಯದು ಜ್ಞಾನದ ಬಗ್ಗೆಯೇ. ಬಿಳಿ ಕಪ್ಪಲ್ಲ ಎಂದು ಮನಸ್ಸು ನೇರವಾಗಿ ಕಾಣುತ್ತದಲ್ವಾ, ಅಂಥದ್ದೇ ಖಚಿತ ಜ್ಞಾನ ಅನ್ನುತ್ತಾನೆ ಲಾಕ್. ಅದು ನಮ್ಮ ಹತ್ತಿರ ಇರುವುದು ತೀರಾ ಕಡಿಮೆ. ಮಿಕ್ಕ ಬದುಕೆಲ್ಲ 'ಹೀಗಿರಬಹುದು' ಎಂಬುದರ ಮೇಲೆ ನಡೆಯುತ್ತದೆ. ಹಾಗಾಗಿ ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಸಹಿಸಿಕೊಳ್ಳಬೇಕು ಎಂದು 16ನೇ ಅಧ್ಯಾಯದಲ್ಲಿ ಬರುತ್ತದೆ. ಅವನ ರಾಜಕೀಯಕ್ಕೆ ದಾರಿ ಇರುವುದೇ ಇಲ್ಲಿ. 1689ರಲ್ಲಿ ಅಚ್ಚಾದ, ಧಾರ್ಮಿಕ ಸಹಿಷ್ಣುತೆಯ ಬಗ್ಗೆ ಅವನು ಬರೆದ ಪತ್ರದಲ್ಲಿ, ಬಲವಂತದಿಂದ ನಂಬಿಕೆ ಹುಟ್ಟುವುದಿಲ್ಲ, ಅದು ಆಳುವವರ ಕೆಲಸವೂ ಅಲ್ಲ ಅನ್ನುತ್ತಾನೆ. (ಆದರೆ ನಾಸ್ತಿಕರನ್ನು ಹೊರಗಿಡುತ್ತಾನೆ. ಅದನ್ನು ನಾನು ಒಪ್ಪುವುದಿಲ್ಲ.) ಅರ್ಧ ಪುಸ್ತಕ ಓದಿದವರಿಗೆ ಈ ಕೊಂಡಿ ಕಾಣುವುದೇ ಇಲ್ಲ.

ಬೆನೆಟ್ ಪ್ರತಿಯಲ್ಲಿ ನಾಲ್ಕೂ ಭಾಗ ಇವೆ. ಲಾಕ್‌ನ ಉದ್ದುದ್ದ ವಾಕ್ಯಗಳನ್ನು ಒಡೆದಿದ್ದಾರೆ. ದಣಿದು ಬಂದ ರಾತ್ರಿಯೂ ಹತ್ತು ಪುಟ ಓದಬಹುದು. ಕೆಲವು ಸಾಲು ಬಿಟ್ಟಿದ್ದಾರೆ, ಬಿಟ್ಟ ಕಡೆ ಚುಕ್ಕಿ ಹಾಕಿದ್ದಾರೆ. ಲಾಕ್‌ನ ಮಾತನ್ನೇ ಉದ್ಧರಿಸಬೇಕಾದರೆ ಇದು ಸಾಲದು.

ಅದಕ್ಕೆ ನಿಡಿಚ್ ಸಂಪಾದಿಸಿದ 1975ರ ಆಕ್ಸ್‌ಫರ್ಡ್ ಪ್ರತಿ ಇದೆ. ಹಳೆಯ ಕಾಗುಣಿತ, ಎಲ್ಲೆಲ್ಲೂ ಕ್ಯಾಪಿಟಲ್ ಅಕ್ಷರ. ನನ್ನ ಬಜೆಟ್‌ಗೆ ಲೈಬ್ರರಿಯೇ ಸರಿ.

ಲಾಕ್ ಸರ್ಕಾರದ ಬಗ್ಗೆ ಬರೆದ ಎರಡನೇ ಗ್ರಂಥಕ್ಕೆ ಇಷ್ಟು ತಲೆನೋವಿಲ್ಲ, ಚಿಕ್ಕದು. ಅಗ್ಗದ ಪ್ರತಿ ಸಾಕು. ಆದರೆ ಕೊಳ್ಳುವ ಮುಂಚೆ ಕೊನೆಯ ಪುಟ ನೋಡಿ: 19ನೇ ಅಧ್ಯಾಯ, 243ನೇ ಪರಿಚ್ಛೇದ ಇರಬೇಕು. ಪ್ರಬಂಧವಾದರೆ ನಾಲ್ಕನೇ ಭಾಗದ 21ನೇ ಅಧ್ಯಾಯ.