ಎಂಟು ಕ್ಯಾಮೆರಾ, ಒಂದು ಟೇಪು: ನಮ್ಮ ಗಿರಣಿಯ ವಿಡಿಯೊ ಮಲ್ಟಿಪ್ಲೆಕ್ಸರ್

ಮಂಡ್ಯದ ಹೊರವಲಯದಲ್ಲಿರುವ ನಮ್ಮ ಅಕ್ಕಿ ಗಿರಣಿಗೆ 2002ರಲ್ಲಿ ಎಂಟು ಕ್ಯಾಮೆರಾ ಹಾಕಿಸಿದಾಗ, ಅವುಗಳ ಚಿತ್ರಗಳನ್ನೆಲ್ಲ ಒಂದೇ ಟೇಪಿಗೆ ಕಳುಹಿಸುವ, ಒಂಬತ್ತು ಕ್ಯಾಮೆರಾಗಳವರೆಗೆ ಜೋಡಿಸಬಹುದಾದ ಮಲ್ಟಿಪ್ಲೆಕ್ಸರ್ ಒಂದನ್ನೂ ಕೊಂಡೆವು. ಟೇಪಿನ ಕೆಲಸಕ್ಕೆ ಅದನ್ನು ಹನ್ನೊಂದು ವರ್ಷ ದುಡಿಸಿಕೊಂಡಿದ್ದೇವೆ. ಇಂತಹ ಯಂತ್ರ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಈಗಲೂ ಇರುವುದರಿಂದ ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ.

ಮೊದಲು ನಮಗೆ ತೋರಿಸಿದ್ದು ಕ್ವಾಡ್. ಅದು ಪರದೆಯನ್ನು ನಾಲ್ಕು ಪಾಲು ಮಾಡಿ ಹಾಗೆಯೇ ಟೇಪಿಗೆ ತುಂಬುತ್ತದೆ. ಆಮೇಲೆ ಒಂದು ಪಾಲನ್ನು ದೊಡ್ಡದು ಮಾಡಿ ನೋಡಿದರೆ ಭತ್ತದ ಲಾರಿ ಕಾಣುತ್ತದೆಯೇ ಹೊರತು ಅದರ ನಂಬರು ಓದಲು ಬರುವುದಿಲ್ಲ. ಮಲ್ಟಿಪ್ಲೆಕ್ಸರ್ ಹಾಗಲ್ಲ. ಅದು ಒಂದೊಂದು ಕ್ಯಾಮೆರಾದ ಪೂರ್ಣ ಚಿತ್ರವನ್ನು ಸರದಿಯ ಮೇಲೆ ಟೇಪಿಗೆ ಕಳುಹಿಸುತ್ತದೆ, ಪರದೆಯ ಮೇಲೆ ಕಾಣದ ಗೆರೆಗಳಲ್ಲಿ ಆ ಕ್ಯಾಮೆರಾದ ಗುರುತನ್ನು ಸೇರಿಸುತ್ತದೆ, ಮತ್ತೆ ಟೇಪು ಹಾಕಿ ನೋಡುವಾಗ ಆ ಗುರುತನ್ನು ಹಿಡಿದು ನಮಗೆ ಬೇಕಾದ ಕ್ಯಾಮೆರಾದ ಚಿತ್ರಗಳನ್ನಷ್ಟೇ ಆರಿಸಿ ಕೊಡುತ್ತದೆ. ವೇಬ್ರಿಡ್ಜ್ ಮೇಲೆ ನಿಂತ ಲಾರಿಯ ನಂಬರನ್ನು ನಾವು ಹಲವು ಬಾರಿ ಓದಿ ತಕರಾರು ಬಗೆಹರಿಸಿದ್ದೇವೆ. ಈ ಒಂದು ಗುಣಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಆದರೆ ಸರದಿ ಎಂದ ಮೇಲೆ ಕಾಯುವುದೂ ಇದೆ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ ಫೀಲ್ಡ್ ಎನ್ನುವ ಅರ್ಧಚಿತ್ರಗಳು 50. ಮೂರು ಗಂಟೆಯ ಟೇಪನ್ನು ಬಿಟ್ಟು ಬಿಟ್ಟು ದಾಖಲಿಸುವ ಟೈಮ್-ಲ್ಯಾಪ್ಸ್ ವಿಸಿಆರ್‌ನಲ್ಲಿ 24 ಗಂಟೆಗೆ ಎಳೆದರೆ ಎಂಟರಲ್ಲಿ ಒಂದು ಪಾಲು, ಅಂದರೆ ಸೆಕೆಂಡಿಗೆ ಆರು ಚಿಲ್ಲರೆ ಮಾತ್ರ ದಾಖಲಾಗುತ್ತವೆ; ಅವನ್ನು ಎಂಟು ಕ್ಯಾಮೆರಾಗಳಿಗೆ ಹಂಚಿದರೆ ಒಂದೊಂದರ ಸರದಿ 1.28 ಸೆಕೆಂಡಿಗೊಮ್ಮೆ ಬರುತ್ತದೆ. ಅಷ್ಟರಲ್ಲಿ ಚೀಲ ಹೊತ್ತ ಹಮಾಲಿ ಎರಡು ಹೆಜ್ಜೆ ಮುಂದೆ ಹೋಗಿರುತ್ತಾನೆ. ನಮ್ಮ ಕೆಲಸಕ್ಕೆ ಇದು ಸಾಕಾಯಿತು. ನೋಟು ಎಣಿಸುವ ಕೈಗಳನ್ನು ನೋಡಬೇಕಾದ ಅಂಗಡಿಗೆ ಸಾಲದು.

ನಾವು ಪೆಟ್ಟು ತಿಂದದ್ದು ಒಂದು ದಸರಾದಲ್ಲಿ. ಆಯುಧಪೂಜೆ, ವಿಜಯದಶಮಿಯ ರಜೆಗೆ ಟೇಪು ಬದಲಿಸಲು ಯಾರೂ ಇರುವುದಿಲ್ಲವೆಂದು ಗುಮಾಸ್ತರು ವಿಸಿಆರನ್ನು 48 ಗಂಟೆಗೆ ತಿರುಗಿಸಿದರು. ಮಲ್ಟಿಪ್ಲೆಕ್ಸರಿನ ಮೆನುವಿನಲ್ಲಿ ಮಾತ್ರ 24 ಗಂಟೆಯೇ ಉಳಿಯಿತು. ರಜೆ ಮುಗಿದ ಮೇಲೆ ಹಿಂದಿನ ಗೋದಾಮಿನಲ್ಲಿ ಹನ್ನೊಂದು ಚೀಲ ಅಕ್ಕಿ ಕಡಿಮೆ. ಟೇಪು ಹಾಕಿ ಆ ಬಾಗಿಲಿನ ಆರನೆಯ ಕ್ಯಾಮೆರಾ ಒತ್ತಿದರೆ ಒಂದು ಚಿತ್ರವೂ ಇಲ್ಲ. ಕಾವಲುಗಾರ ಮಾತ್ರ, “ಟಿವೀಲಿ ಆರನೇದು ಚೆನ್ನಾಗೇ ಕಾಣ್ತಿತ್ತು ಬುದ್ಧಿ, ನಾನೇ ನೋಡಿವ್ನಿ” ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು, ಏಕೆಂದರೆ ಪರದೆಗೆ ಹೋಗುವ ದಾರಿ ಬೇರೆ, ಟೇಪಿಗೆ ಹೋಗುವ ದಾರಿ ಬೇರೆ. ಮಲ್ಟಿಪ್ಲೆಕ್ಸರ್ ಹಳೆಯ ವೇಗದಲ್ಲೇ ಕಳುಹಿಸುತ್ತಿದ್ದುದರಿಂದ ವಿಸಿಆರ್ ಒಂದು ಬಿಟ್ಟು ಒಂದನ್ನು ಹಿಡಿದಿತ್ತು. ಕ್ಯಾಮೆರಾಗಳು ಎಂಟೇ ಆದ್ದರಿಂದ ಪ್ರತಿ ಸುತ್ತಿನಲ್ಲೂ 1, 3, 5, 7 ಮಾತ್ರ ಟೇಪಿಗೆ ಬಿದ್ದಿದ್ದವು. ಒಂಬತ್ತನೆಯದೊಂದು ಇದ್ದಿದ್ದರೆ ಎರಡನೆಯ ಸುತ್ತಿನಲ್ಲಿ 2, 4, 6, 8 ಸಿಗುತ್ತಿದ್ದವೆಂದು ಆಮೇಲೆ ಕಾಗದದ ಮೇಲೆ ಬರೆದು ನೋಡಿ ಹೊಟ್ಟೆ ಉರಿದುಕೊಂಡೆ. ವಿಸಿಆರ್‌ನ ಹಿಂಬದಿಯಿಂದ ಬರುವ ಸಂಕೇತದ ತಂತಿಯನ್ನು ಮಲ್ಟಿಪ್ಲೆಕ್ಸರಿಗೆ ಜೋಡಿಸಿದರೆ ಎರಡೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಅಳವಡಿಸಿದವರು ಅದನ್ನು ಹಾಕದೆ ಹೋಗಿದ್ದರು.

ಚಲನೆ ಕಂಡ ಕ್ಯಾಮೆರಾಕ್ಕೆ ಹೆಚ್ಚು ಸರದಿ ಕೊಡುವ ಸೌಲಭ್ಯವೂ ಇದರಲ್ಲಿದೆ. ಆಷಾಢದ ಗಾಳಿಗೆ ಕಾಂಪೌಂಡಿನ ಬೇವಿನ ಕೊಂಬೆ ಅಲ್ಲಾಡಿದಷ್ಟೂ ಅದಕ್ಕೇ ಸರದಿ ಸಲ್ಲುತ್ತಿದ್ದುದರಿಂದ, ಆ ಕ್ಯಾಮೆರಾ ಒಂದಕ್ಕೆ ಅದನ್ನು ನಿಲ್ಲಿಸಿದೆವು.

ಟೇಪನ್ನು ಹೊರಗೆ ಕೊಡುವಾಗಲೂ ಎಚ್ಚರ ಬೇಕು. ಸಾಮಾನ್ಯ ವಿಸಿಆರ್‌ಗೆ ಹಾಕಿದರೆ ಎಂಟೂ ಚಿತ್ರಗಳು ಒಟ್ಟಿಗೆ ಪಟಪಟನೆ ಹಾರುತ್ತವೆ. ಬೇಕಾದ ಕ್ಯಾಮೆರಾವನ್ನು ಮಲ್ಟಿಪ್ಲೆಕ್ಸರಿನ ಮೂಲಕ ಆರಿಸಿ ಇನ್ನೊಂದು ವಿಸಿಆರ್‌ನಲ್ಲಿ ನಕಲು ತೆಗೆದೇ ಪೊಲೀಸರಿಗೆ ಕೊಟ್ಟೆವು. ನಮ್ಮದು ಡ್ಯುಪ್ಲೆಕ್ಸ್ ಆದ್ದರಿಂದ ಆ ಹೊತ್ತಿನಲ್ಲೂ ದಾಖಲೆ ನಿಲ್ಲಲಿಲ್ಲ. ಸಿಂಪ್ಲೆಕ್ಸ್ ಯಂತ್ರ ಹಳೆಯದನ್ನು ತೋರಿಸುವಾಗ ಹೊಸದನ್ನು ದಾಖಲಿಸದು; ಅದನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ತೌಡಿನ ಧೂಳಿಗೆ ಫ್ಯಾನು ಎರಡು ಬಾರಿ ಸತ್ತದ್ದು ಬಿಟ್ಟರೆ ಯಂತ್ರ ಕೆಟ್ಟಿಲ್ಲ. 2013ರಿಂದ ದಾಖಲೆಯ ಕೆಲಸ ಟೇಪಿಲ್ಲದೆ ಡಿಸ್ಕಿನಲ್ಲಿ ದಾಖಲಿಸುವ ಡಿವಿಆರ್‌ನದು. ಮಲ್ಟಿಪ್ಲೆಕ್ಸರಿನ ಹಿಂದೆ ಒಂದೊಂದು ಕ್ಯಾಮೆರಾಕ್ಕೂ ಇರುವ, ಕೇಬಲ್ ಸಿಕ್ಕಿಸುವ ಎರಡನೆಯ ಬಿಎನ್‌ಸಿ ಕಿಂಡಿಯಿಂದ ಅದಕ್ಕೆ ಕೇಬಲ್ ಎಳೆದಾಗ ಚಿತ್ರಗಳು ಮಂಕಾದವು. 75 ಓಮ್‌ನ ಸ್ವಿಚ್ (ಕೇಬಲಿನ ಕೊನೆಯ ಯಂತ್ರದಲ್ಲಿ ಮಾತ್ರ ಹಾಕಬೇಕಾದದ್ದು) ಎರಡೂ ಕಡೆ ಹಾಕಿಕೊಂಡಿತ್ತು, ಹಳೆಯ ಯಂತ್ರದ ಕಡೆಯದನ್ನು ತೆಗೆದ ಮೇಲೆ ಸರಿಹೋಯಿತು. ಈಗ ಅದು ಕಚೇರಿಯ ಹಳೆಯ ಟಿವಿಯಲ್ಲಿ ಎಂಟು ಚೌಕಗಳನ್ನು ತೋರಿಸುತ್ತಾ ಕೂತಿದೆ.