ಬ್ಲೂ ಬ್ಯಾಡ್ಜ್, ಮೂರು ಅವಧಿಯ ನಂತರ: ಕಾರ್ಡಿಗೆ ಐದು ಸ್ಟಾರ್, ನವೀಕರಣಕ್ಕೆ ಎರಡೇ

ಇಂಗ್ಲೆಂಡಿನಲ್ಲಿ ವಿಕಲಚೇತನರ ಪಾರ್ಕಿಂಗ್‌ಗೆ ಕೊಡುವ ಬ್ಲೂ ಬ್ಯಾಡ್ಜನ್ನು ಮೂರು ಅವಧಿ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಮೊದಲ ಸಲ ಅರ್ಜಿ ಹಾಕುವವರಿಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮೂರು ವರ್ಷ ಕಳೆದು ಕಾರ್ಡಿನ ಮೇಲಿನ ತಾರೀಕು ಹತ್ತಿರ ಬಂದಾಗ ಆಗುವ ರಗಳೆಯ ಬಗ್ಗೆ ಹೇಳುವವರು ಕಡಿಮೆ. ಇಲ್ಲಿ ತಂದೆ ತಾಯಿಯನ್ನು ಜೊತೆಗಿಟ್ಟುಕೊಂಡಿರುವ ಕನ್ನಡದ ಮನೆಗಳಲ್ಲಿ ಈ ಅರ್ಜಿ ತುಂಬುವ ಕೆಲಸ ಬಹಳ ಸಲ ಮಗನ ಅಥವಾ ಸೊಸೆಯ ತಲೆಗೆ ಬರುತ್ತದೆ. ಹೆಚ್ಚಾಗಿ ಅವರಿಗೋಸ್ಕರವೇ ಇದನ್ನು ಬರೆದಿದ್ದೇನೆ.

ಕಾರ್ಡಿನ ಬಗ್ಗೆ ದೂರು ಇಲ್ಲ. ರಸ್ತೆ ಬದಿಯ ಮೀಟರ್ ಜಾಗಗಳಲ್ಲಿ ಸಾಮಾನ್ಯವಾಗಿ ದುಡ್ಡಿಲ್ಲ. ಸಾಮಾನು ಇಳಿಸುವುದಕ್ಕೂ ನಿಷೇಧ ಇಲ್ಲದ ಕಡೆ ಹಳದಿ ಗೆರೆಯ ಮೇಲೆ, ಕಾರು ನಿಲ್ಲಿಸಿದ ಹೊತ್ತು ತಿಳಿಸುವ ನೀಲಿ ರಟ್ಟಿನ ಗಡಿಯಾರ ತೋರಿಸಿ, ಮೂರು ಗಂಟೆ ನಿಲ್ಲಿಸಬಹುದು. 1971ರಲ್ಲಿ ಕಿತ್ತಳೆ ಬ್ಯಾಡ್ಜ್ ಆಗಿ ಶುರುವಾಗಿ 2000ದಲ್ಲಿ ನೀಲಿಯಾದ ಈ ಯೋಜನೆಯಿಂದ ಆಸ್ಪತ್ರೆಗೋ ದೇವಸ್ಥಾನಕ್ಕೋ ಹೊರಟವರಿಗೆ ಆಗಿರುವ ಉಪಕಾರ ಸಣ್ಣದಲ್ಲ. ತೊಂದರೆ ಇರುವುದು ಅದನ್ನು ಕೈಯಲ್ಲಿ ಉಳಿಸಿಕೊಳ್ಳುವುದರಲ್ಲಿ.

ಮೊದಲು ತಿಳಿಯಬೇಕಾದದ್ದು, ನವೀಕರಣ ಅಂತ ಒಂದು ವ್ಯವಸ್ಥೆಯೇ ಇಲ್ಲ. ಸರ್ಕಾರದ ಜಾಲತಾಣವಾದ ಗವ್ ಡಾಟ್ ಯುಕೆ ಪುಟದಲ್ಲಿ 'ಅರ್ಜಿ ಹಾಕಿ ಅಥವಾ ನವೀಕರಿಸಿ' ಅಂತ ಒಟ್ಟಿಗೆ ಬರೆದಿದ್ದಾರೆ, ಅದನ್ನು ನಂಬಿ ಮೋಸಹೋಗಬೇಡಿ. ಹಳೆಯ ಬ್ಯಾಡ್ಜ್ ವಿವರ ಕೇಳುವುದೊಂದೇ ವ್ಯತ್ಯಾಸ. ಮಿಕ್ಕಿದ್ದೆಲ್ಲ ಹೊಸಬರಿಗೆ ಕೇಳುವ ಪ್ರಶ್ನೆಗಳೇ: ಫೋಟೋ, ಗುರುತಿನ ದಾಖಲೆ, ವಿಳಾಸದ ದಾಖಲೆ, ಭತ್ಯೆಯ ಪತ್ರ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಇದ್ದರೆ ಅದು. ಮೂರು ವರ್ಷದ ಹಿಂದೆ ಬ್ಯಾಡ್ಜ್ ಕೊಡುವ ಇದೇ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ) ಇದೇ ಕಾಗದ ಕೊಟ್ಟಿದ್ದೆವಲ್ಲ ಅಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಕತ್ತರಿಸಿದ ಕಾಲು ಮೂರು ವರ್ಷದಲ್ಲಿ ಬೆಳೆಯುವುದಿಲ್ಲ ಅನ್ನುವುದು ಫಾರಂಗೆ ಗೊತ್ತಿಲ್ಲ. ಸುಧಾರಿಸುವ ಸಾಧ್ಯತೆಯೇ ಇಲ್ಲದ ಸ್ಥಿತಿಯಾದರೆ, ಮುಂದಿನ ಸಲ ಮರುತಪಾಸಣೆ ಬೇಡ ಎಂದು ಕಡತದಲ್ಲಿ ಗುರುತು ಹಾಕುತ್ತೀರಾ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಮೂರು ವರ್ಷ ಉಳಿಯುವುದಿಲ್ಲ.

ಶುಲ್ಕ ಇಂಗ್ಲೆಂಡಿನಲ್ಲಿ ಹೆಚ್ಚೆಂದರೆ 10 ಪೌಂಡ್, ಸ್ಕಾಟ್ಲೆಂಡಿನಲ್ಲಿ 20, ವೇಲ್ಸ್‌ನಲ್ಲಿ ಏನೂ ಇಲ್ಲ. ಇದಕ್ಕಿಂತ ಜಾಸ್ತಿ ಕೇಳಿದ ಪುಟ ಸರ್ಕಾರದ್ದಲ್ಲ. 'ಅರ್ಜಿ ಪರಿಶೀಲನೆ' ಅಂತ ದುಡ್ಡು ಕಿತ್ತುಕೊಳ್ಳುವ ಮಧ್ಯವರ್ತಿ ಜಾಲತಾಣಗಳು ಹುಡುಕಾಟದಲ್ಲಿ ಮೇಲೆಯೇ ಬಂದು ಕೂತಿರುತ್ತವೆ. ಹುಡುಕುವ ಬದಲು ಗವ್ ಡಾಟ್ ಯುಕೆ ವಿಳಾಸವನ್ನೇ ಟೈಪ್ ಮಾಡಿ ಹೋಗಿ.

ಇನ್ನು ತಾರೀಕಿನ ವಿಷಯ. ಎಲ್ಲರೂ ಎಡವುವುದು ಇಲ್ಲೇ. ಬ್ಯಾಡ್ಜಿಗೆ ಮೂರು ವರ್ಷ ಅನ್ನುವುದು ಗರಿಷ್ಠ ಮಿತಿ. ಪಿಪ್ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆ ಇರುವವರಿಗೆ ಸರ್ಕಾರ ಕೊಡುವ ಭತ್ಯೆ) ಆಧಾರದ ಮೇಲೆ ಬ್ಯಾಡ್ಜ್ ಸಿಕ್ಕಿದ್ದರೆ, ಆ ಭತ್ಯೆ ಮುಗಿಯುವ ದಿನ ಮೊದಲು ಬಂದರೆ ಬ್ಯಾಡ್ಜೂ ಅದೇ ದಿನಕ್ಕೆ ಮುಗಿಯುತ್ತದೆ. ಪಿಪ್ 2027ರ ಮಾರ್ಚ್‌ಗೆ ಮುಗಿಯುತ್ತದೆ, ಬ್ಯಾಡ್ಜ್ 2026ರ ಜನವರಿಯಲ್ಲಿ ಮಂಜೂರಾಯಿತು ಅನ್ನಿ. ಕೈಗೆ ಬರುವುದು ಹದಿನಾಲ್ಕು ತಿಂಗಳ ಕಾರ್ಡು, ಕೊಡುವುದು ಅದೇ 10 ಪೌಂಡ್. ಪಿಪ್ ಮರುಪರಿಶೀಲನೆ ತಡವಾದಾಗ ಭತ್ಯೆ ಕೊಡುವ ಇಲಾಖೆಯವರು ಅವಧಿ ವಿಸ್ತರಿಸಿ ಪತ್ರ ಕಳಿಸುತ್ತಾರೆ. ಆ ಒಂದು ಹಾಳೆಯ ಪತ್ರವನ್ನು ಜನ ಕಸದ ಬುಟ್ಟಿಗೆ ಹಾಕಿಬಿಡುತ್ತಾರೆ. ಬ್ಯಾಡ್ಜ್ ಮಟ್ಟಿಗೆ ಅದು ಭತ್ಯೆ ಮಂಜೂರಾದ ಮೂಲ ಆದೇಶದಷ್ಟೇ ಮುಖ್ಯ, ಎರಡನ್ನೂ ಸೇರಿಸಿ ಅಪ್‌ಲೋಡ್ ಮಾಡಿ. ಮೂಲ ಆದೇಶ ಒಂದನ್ನೇ ಕೊಟ್ಟರೆ ಅಧಿಕಾರಿಯ ಕಣ್ಣಿಗೆ ಕಾಣುವುದು ಅವಧಿ ಮುಗಿದ ಭತ್ಯೆ.

ಅವಧಿ ಮುಗಿದ ಬ್ಯಾಡ್ಜಿಗೆ ಬೆಲೆ ಇಲ್ಲ, ರಿಯಾಯಿತಿ ದಿನಗಳೂ ಇಲ್ಲ. 'ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ' ಅನ್ನುವುದನ್ನು ಪಾರ್ಕಿಂಗ್ ವಾರ್ಡನ್ ಒಪ್ಪಬೇಕಾಗಿಲ್ಲ. ಓಡಾಡಲು ಎಷ್ಟು ಕಷ್ಟ ಎಂದು ನೋಡುವ ತಪಾಸಣೆಗೆ ಹೋಗಬೇಕಾದ ಅರ್ಜಿಗೆ 12 ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಕಾರ್ಡ್ ಮುಗಿಯುವುದಕ್ಕೆ ಹನ್ನೆರಡು ವಾರ ಮುಂಚೆ ಅರ್ಜಿ ಒಳಗೆ ಹೋಗಿರಬೇಕು, ಕಾಗದ ಜೋಡಿಸುವ ಕೆಲಸ ಹದಿನಾರು ವಾರ ಮುಂಚೆಯೇ ಶುರುವಾಗಬೇಕು. ನೆನಪಿನ ಪತ್ರ ಕೆಲವು ಕೌನ್ಸಿಲ್‌ಗಳಿಂದ ಬರುತ್ತದೆ, ಕೆಲವರಿಂದ ಬರುವುದಿಲ್ಲ. ಕಾರ್ಡ್ ಮನೆಗೆ ಬಂದ ದಿನವೇ ಫೋನಿನಲ್ಲಿ ಅಲಾರಂ ಇಟ್ಟುಬಿಡಿ.

ಪಿಪ್ ಕೊಡುವಾಗ ನಿಮ್ಮ ಕಷ್ಟಕ್ಕೆ ಹೊಂದುವ ವಾಕ್ಯ ಆರಿಸಿ ಹಾಕುವ ಅಂಕಗಳ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬೇಡದ ತಿರಸ್ಕಾರಗಳು ಹುಟ್ಟುವುದು ಇಲ್ಲಿ. ಇದು ಇಂಗ್ಲೆಂಡಿನ ಲೆಕ್ಕ. 'ನಡೆದಾಡುವುದು' ಎಂಬ ವಿಭಾಗದಲ್ಲಿ 8 ಅಥವಾ ಹೆಚ್ಚು ಅಂಕ ಇದ್ದರೆ, ಅಂದರೆ 50 ಮೀಟರಿಗಿಂತ ಹೆಚ್ಚು ನಡೆಯಲು ಆಗದಿದ್ದರೆ, ಬ್ಯಾಡ್ಜ್ ತಾನಾಗಿ ಸಿಗುತ್ತದೆ, ಬೇರೆ ತಪಾಸಣೆ ಇಲ್ಲ. 'ಪ್ರಯಾಣ ಯೋಜಿಸಿ ಹೋಗುವುದು' ಎಂಬ ವಿಭಾಗದಲ್ಲಿ ಮಾತ್ರ ವಿಚಿತ್ರ ಇದೆ. ಅಲ್ಲಿ 10 ಅಂಕ ಕೊಡುವ ವಾಕ್ಯಗಳು ಎರಡು. ತೀವ್ರ ಮಾನಸಿಕ ಯಾತನೆ ಆಗುವುದರಿಂದ ಯಾವ ಪ್ರಯಾಣವನ್ನೂ ಮಾಡಲಾಗದು ಎನ್ನುವ ವಾಕ್ಯಕ್ಕೆ ಬಂದ 10 ಅಂಕ ನಡೆಯುತ್ತದೆ. ಗೊತ್ತಿಲ್ಲದ ದಾರಿಯಲ್ಲಿ ಜೊತೆಗೆ ಜನ ಇಲ್ಲದೆ ಹೋಗಲಾಗದು ಎನ್ನುವ ವಾಕ್ಯಕ್ಕೆ ಬಂದ 10 ಅಂಕ ನಡೆಯುವುದಿಲ್ಲ. ಇನ್ನೂ ತಮಾಷೆ ಅಂದರೆ, ಗೊತ್ತಿರುವ ದಾರಿಯಲ್ಲೂ ಒಬ್ಬರೇ ಹೋಗಲಾಗದವರಿಗೆ 12 ಅಂಕ, ಅದಕ್ಕೂ ಬ್ಯಾಡ್ಜ್ ತಾನಾಗಿ ಬರುವುದಿಲ್ಲ. ಜಾಸ್ತಿ ಅಂಕ ಬಂದವರಿಗೆ ತಪಾಸಣೆ, ಕಡಿಮೆ ಬಂದವರಿಗೆ ನೇರ ಕಾರ್ಡು. ಈ ಲೆಕ್ಕಕ್ಕೆ ಸಮಾಧಾನದ ಉತ್ತರ ಯಾವ ಕೌಂಟರಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಒಟ್ಟು ಅಂಕ ನೋಡಿ ಸಂತೋಷ ಪಡುವ ಮುಂಚೆ ಯಾವ ವಾಕ್ಯದ ಎದುರು ಅಂಕ ಬಿದ್ದಿದೆ ನೋಡಿ.

ಆ ವಾಕ್ಯಗಳು ಇರುವುದು ಆದೇಶ ಪತ್ರದ ಒಳಪುಟಗಳಲ್ಲಿ. ಮೊದಲ ಪುಟದ ಫೋಟೋ ಒಂದನ್ನೇ ಕಳಿಸಿದರೆ ಅರ್ಜಿ ವಾಪಸ್ ಬರುತ್ತದೆ. ಪ್ರತಿ ವರ್ಷ ವಸಂತದ ಹೊತ್ತಿಗೆ ಬರುವ 'ಈ ವರ್ಷ ನಿಮ್ಮ ಭತ್ಯೆ ಇಷ್ಟು' ಎಂಬ ಪತ್ರವೂ ಸಾಲದು, ಅದರಲ್ಲಿ ಮೊತ್ತ ಇರುತ್ತದೆ, ಅಂಕ ಇರುವುದಿಲ್ಲ. ಮೂಲ ಪತ್ರ ಕಳೆದಿದ್ದರೆ ಇಲಾಖೆಗೆ ಫೋನ್ ಮಾಡಿ ಪ್ರತಿ ಕೇಳಬಹುದು. ಅದು ಅಂಚೆಯಲ್ಲಿ ಬರಬೇಕು, ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿ.

ವಯಸ್ಸಾದವರ ಕಥೆ ಬೇರೆ. ಪಿಂಚಣಿ ವಯಸ್ಸು ದಾಟಿದ ಮೇಲೆ ಹೊಸದಾಗಿ ಪಿಪ್ ಕೇಳುವ ಹಾಗಿಲ್ಲ. ಅವರಿಗೆ ಇರುವುದು ಅಟೆಂಡೆನ್ಸ್ ಅಲೋಯನ್ಸ್ ಎಂಬ ಆರೈಕೆಯ ಭತ್ಯೆ, ಅದರಲ್ಲಿ ಓಡಾಟದ ಭಾಗವೇ ಇಲ್ಲ. ಹೆಚ್ಚಿನ ದರದ ಅಲೋಯನ್ಸ್ ಬರುತ್ತಿದ್ದರೂ ಬ್ಯಾಡ್ಜ್ ತಾನಾಗಿ ಸಿಗುವುದಿಲ್ಲ. ಅವಲಂಬಿತರ ವೀಸಾದ ಮೇಲೆ ಬಂದ ತಂದೆ ತಾಯಿಗೆ ಸಾರ್ವಜನಿಕ ನಿಧಿ ಪಡೆಯಬಾರದೆಂಬ ಷರತ್ತು ಇರುವುದರಿಂದ ಭತ್ಯೆಗಳ ಮಾತೇ ಇಲ್ಲ. ಆದರೆ ಬ್ಲೂ ಬ್ಯಾಡ್ಜ್ ಆ ನಿಧಿಗಳ ಪಟ್ಟಿಯಲ್ಲಿಲ್ಲ, ಇಲ್ಲಿ ವಾಸವಿದ್ದರೆ ಅರ್ಜಿ ಹಾಕಬಹುದು. ಇವರೆಲ್ಲರ ದಾರಿ ಒಂದೇ: ಪ್ರತಿ ಮೂರು ವರ್ಷಕ್ಕೊಮ್ಮೆ ತಪಾಸಣೆ.

ತಪಾಸಣೆಯ ದಾರಿಯಲ್ಲಿ ಫಾರಂ ತುಂಬುವುದೇ ಅರ್ಧ ಕೆಲಸ. ನಮ್ಮ ಹಿರಿಯರ ದೊಡ್ಡ ಶತ್ರು 'ಪರವಾಗಿಲ್ಲ' ಅನ್ನುವ ಮಾತು. 'ಎಷ್ಟು ದೂರ ನಡೀತೀರಿ ಅಮ್ಮಾ?' ಅಂದರೆ 'ಪರವಾಗಿಲ್ಲಪ್ಪ, ನಿಧಾನಕ್ಕೆ ನಡೀತೀನಿ' ಅನ್ನುತ್ತಾರೆ. ಅದನ್ನು ಹಾಗೇ ಇಂಗ್ಲಿಷಿಗೆ ಇಳಿಸಿ 'ನಿಧಾನವಾಗಿ ನಡೆಯುತ್ತಾರೆ, ಮಂಡಿ ನೋವಿದೆ' ಅಂತ ಬರೆದರೆ ಅರ್ಜಿ ಅಲ್ಲಿಗೆ ಮುಗಿಯಿತು. ಕೇಳುವ ಬದಲು ಅಳೆಯಿರಿ. ಮನೆ ಬಾಗಿಲಿನಿಂದ ಹೊರಟು ಅವರು ಮೊದಲ ಸಲ ನಿಲ್ಲುವ ಜಾಗ ಗುರುತು ಮಾಡಿ, ಫೋನಿನ ಮ್ಯಾಪಿನಲ್ಲಿ ದೂರ ಅಳೆಯುವ ಗುಂಡಿ ಒತ್ತಿ ಮೀಟರ್ ನೋಡಿಕೊಳ್ಳಿ. ನಿಂತ ಹೊತ್ತನ್ನು ಗಡಿಯಾರ ನೋಡಿ ಬರೆದುಕೊಳ್ಳಿ. ಆಗ ಫಾರಂನಲ್ಲಿ ಹೀಗೆ ಬರೆಯಲು ಬರುತ್ತದೆ: 'ಮೂರನೇ ದೀಪದ ಕಂಬದವರೆಗೆ, 45 ಮೀಟರ್. ಎಡಗೈಯಲ್ಲಿ ಊರುಗೋಲು. ನಡುವೆ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಾರೆ, ಒಂದೊಂದು ಸಲಕ್ಕೂ ಒಂದೂವರೆ ನಿಮಿಷ. ಒಟ್ಟು ಐದು ನಿಮಿಷ. ವಾಪಸ್ ಬರಲು ಕೂತು ಸುಧಾರಿಸಿಕೊಳ್ಳಬೇಕು. ಮಾರನೇ ದಿನ ಮಂಡಿ ಊದಿರುತ್ತದೆ.' ದೂರ ಗೊತ್ತಾಗದಿದ್ದರೆ ಡಬಲ್ ಡೆಕರ್ ಬಸ್ಸಿನ ಲೆಕ್ಕ ಹಿಡಿಯಿರಿ, ಒಂದು ಬಸ್ಸು ಸುಮಾರು 11 ಮೀಟರ್ ಉದ್ದ. ಒಳ್ಳೆಯ ದಿನ ಎಷ್ಟು, ಕೆಟ್ಟ ದಿನ ಎಷ್ಟು, ವಾರದಲ್ಲಿ ಕೆಟ್ಟ ದಿನ ಎಷ್ಟು ಸಲ ಅನ್ನುವುದನ್ನೂ ಸೇರಿಸಿ. ಇದ್ದದ್ದನ್ನು ಇದ್ದ ಹಾಗೆ, ಅಂಕಿಯಲ್ಲಿ.

ಜಿಪಿ (ನಿಮ್ಮ ಬಡಾವಣೆಯ ಕುಟುಂಬ ವೈದ್ಯರು) ಬರೆದುಕೊಟ್ಟ 'ಇವರಿಗೆ ಬ್ಯಾಡ್ಜ್ ಕೊಡಿ' ಎಂಬ ಎರಡು ಸಾಲಿಗೆ ಹೆಚ್ಚು ತೂಕ ಇಲ್ಲ. ಆಸ್ಪತ್ರೆಯ ತಜ್ಞರ ಪತ್ರ, ಫಿಸಿಯೋಥೆರಪಿ ವರದಿ, ನೋವು ನಿವಾರಕ ಮಾತ್ರೆಗಳ ಈಗಿನ ಪಟ್ಟಿ ಹೆಚ್ಚು ಕೆಲಸ ಮಾಡುತ್ತವೆ. ಹಳೆಯ ಅರ್ಜಿಗೆ ಕೊಟ್ಟ ಮೂರು ವರ್ಷದ ಹಿಂದಿನ ಪತ್ರವನ್ನೇ ಮತ್ತೆ ಕಳಿಸಿದರೆ 'ಈಗಿನ ಸ್ಥಿತಿ ತಿಳಿಸಿ' ಅಂತ ಪ್ರಶ್ನೆ ಬರುತ್ತದೆ. 2019ರ ಆಗಸ್ಟ್ 30ರಿಂದ ಕಣ್ಣಿಗೆ ಕಾಣದ ಅಂಗವೈಕಲ್ಯಗಳೂ ಇಂಗ್ಲೆಂಡಿನ ನಿಯಮದೊಳಗೆ ಬಂದಿವೆ. ಆಟಿಸಂ ಇರುವ ಮಗು ಪಾರ್ಕಿಂಗ್ ಜಾಗದಲ್ಲಿ ಕೈ ಬಿಡಿಸಿಕೊಂಡು ರಸ್ತೆಗೆ ಓಡುವಂಥ ಸಂದರ್ಭವಿದ್ದರೆ, ಅದು ಎಷ್ಟು ಸಲ ಆಯಿತು, ತಡೆಯಲು ಏನು ಮಾಡುತ್ತೀರಿ ಅನ್ನುವುದನ್ನು ಬರೆಯಬೇಕು. ರೋಗದ ಹೆಸರು ಒಂದೇ ಸಾಲದು.

ತಪಾಸಣೆಯ ದಿನ ಊರುಗೋಲು, ವಾಕರ್, ಮಂಡಿಪಟ್ಟಿ, ದಿನವೂ ಬಳಸುವುದೆಲ್ಲ ಜೊತೆಗಿರಲಿ. ಪರೀಕ್ಷಿಸುವವರು ಕೋಣೆಯೊಳಗಿನ ನಡಿಗೆ ಮಾತ್ರವಲ್ಲ, ಕಾರಿನಿಂದ ಬಾಗಿಲವರೆಗಿನ ನಡಿಗೆಯನ್ನೂ ಗಮನಿಸುತ್ತಾರೆ. ಹೊಸ ಚಪ್ಪಲಿ ಮೆಟ್ಟಿ ಧೈರ್ಯ ತೋರಿಸುವ ದಿನ ಅದಲ್ಲ. ಭಾಷೆ ತೊಡಕಾದರೆ ಕನ್ನಡದ ದುಭಾಷಿ ಬೇಕೆಂದು ದಿನ ಗೊತ್ತಾದ ಕೂಡಲೇ ಹೇಳಿ. ಬರೀ 'ಇಂಡಿಯನ್' ಅಂತ ಬರೆದಿದ್ದರೆ ಹಿಂದಿಯವರು ಬಂದು ಕೂತಾರು.

ಕಾಗದಗಳಲ್ಲಿ ನಮ್ಮವರಿಗೆ ಅಂಟಿದ ಎರಡು ತೊಡಕುಗಳಿವೆ. ಒಂದು ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿಸಿರುತ್ತಾರೆ, ಇನ್ನೊಂದು ಪತ್ರದಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ. ಅರ್ಜಿಯಲ್ಲಿ ಗುರುತಿನ ದಾಖಲೆಯಲ್ಲಿ ಇರುವ ಹಾಗೆಯೇ, ಅಕ್ಷರ ಬಿಡದೆ ಬರೆಯಿರಿ. ಇನ್ನೊಂದು ವಿಳಾಸ. ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಮಗನ ಹೆಸರಲ್ಲಿರುತ್ತದೆ, ತಾಯಿಯ ಹೆಸರಲ್ಲಿ ಒಂದು ಬಿಲ್ಲೂ ಇರುವುದಿಲ್ಲ. ಸರ್ಕಾರಿ ಇಲಾಖೆಯಿಂದ ಅವರ ಹೆಸರಿಗೆ ಬಂದ ಪತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆಸ್ಪತ್ರೆಯ ಪತ್ರ ನಡೆಯುತ್ತದೆಯೇ ಎಂದು ಅರ್ಜಿಗೆ ಮುಂಚೆಯೇ ಕೌನ್ಸಿಲ್‌ಗೆ ಕೇಳಿ, ಒಬ್ಬೊಬ್ಬರದು ಒಂದೊಂದು ಪದ್ಧತಿ. ಫೈಲುಗಳನ್ನು ಜೆಪಿಜಿ ಅಥವಾ ಪಿಡಿಎಫ್ ಮಾಡಿಟ್ಟುಕೊಳ್ಳಿ, ಐಫೋನ್ ತೆಗೆದ ಮೂಲ ಫೋಟೋವನ್ನು ಹಾಗೇ ಹಾಕಲು ಹೋದರೆ ತೊಂದರೆ ಕೊಡಬಹುದು.

ತಿರಸ್ಕಾರವಾದರೆ ಕಾರಣ ಬರೆದ ಪತ್ರ ಕೇಳಿ ಪಡೆಯಿರಿ, ಆ ಕಾರಣಕ್ಕೆ ನೇರ ಉತ್ತರವಾಗುವ ಹೊಸ ಆಧಾರದ ಜೊತೆ ಮರುಪರಿಶೀಲನೆ ಕೇಳಿ. ಕೌನ್ಸಿಲ್‌ನ ತೀರ್ಮಾನದ ಮೇಲೆ ನ್ಯಾಯಮಂಡಳಿಗೆ ಹೋಗುವ ಹಕ್ಕು ಇಲ್ಲ. ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಆದರೆ ಅವರು ನೋಡುವುದು ಪ್ರಕ್ರಿಯೆ ಸರಿಯಾಗಿ ನಡೆಯಿತೇ ಅನ್ನುವುದನ್ನು.

ಹೊಸ ಕಾರ್ಡ್ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಹೊಸ ಕಾರ್ಡಿಗೆ ಹೊಸ ಸಂಖ್ಯೆ. ಲಂಡನ್ನಿನ ಕಂಜೆಷನ್ ಚಾರ್ಜ್ (ನಗರದ ನಡುಭಾಗಕ್ಕೆ ಕಾರು ತಂದರೆ ಕೊಡುವ ಶುಲ್ಕ) ರಿಯಾಯಿತಿಗೆ, ವಿಮಾನ ನಿಲ್ದಾಣದ ಡ್ರಾಪ್ ಆಫ್ ರಿಯಾಯಿತಿಗೆ, ಆಸ್ಪತ್ರೆಯ ಪಾರ್ಕಿಂಗ್‌ಗೆ ಹಳೆಯ ಸಂಖ್ಯೆ ನೋಂದಾಯಿಸಿದ್ದರೆ ಎಲ್ಲ ಕಡೆಯೂ ವಿವರ ಬದಲಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಹೊಸ ಬ್ಯಾಡ್ಜ್ ಇದ್ದರೂ ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನು. ಹಳೆಯ ಕಾರ್ಡನ್ನು ಕೌನ್ಸಿಲ್ ಹೇಳಿದ ಹಾಗೆ ವಾಪಸ್ ಕಳಿಸಿ. ಗಡಿಯಾರವನ್ನು ಮಾತ್ರ ಎಸೆಯಬೇಡಿ, ಅದಕ್ಕೆ ಅವಧಿ ಇಲ್ಲ. ಹೊಸ ಕಾರ್ಡ್ ಇಡುವಾಗ ಫೋಟೋ ಕೆಳಗೆ, ತಾರೀಕು ಇರುವ ಮುಖ ಮೇಲೆ. ಹಳೆಯದೂ ಹೊಸದೂ ಎರಡೂ ಕಾರಿನಲ್ಲಿದ್ದ ವಾರ ಅವಸರದಲ್ಲಿ ಹಳೆಯದನ್ನೇ ಇಟ್ಟು ದಂಡ ಕಟ್ಟಿದವರಿದ್ದಾರೆ.